ಕಿಲೋಮೀಟರ್ ಒಂದು ಲೆಕ್ಕ, ಗಂಟೆ ಇನ್ನೊಂದು: ವಿಮಾನ ಪ್ರಯಾಣಕ್ಕೆ 14 ಸೂತ್ರಗಳು

ಬೆಂಗಳೂರಿನಿಂದ ದೆಹಲಿಗೆ ವಿಮಾನದಲ್ಲಿ ಎಷ್ಟು ಹೊತ್ತು? ಯಾರನ್ನು ಕೇಳಿದರೂ ‘ಎರಡೂಮುಕ್ಕಾಲು ಗಂಟೆ’ ಎಂಬ ಉತ್ತರ ಸಿದ್ಧ. ಆದರೆ ಬೆಳಿಗ್ಗೆ ಹತ್ತಕ್ಕೆ ಜಯನಗರದ ಮನೆ ಬಿಟ್ಟವರು ಕನಾಟ್ ಪ್ಲೇಸ್ ಮುಟ್ಟುವಷ್ಟರಲ್ಲಿ ಸಂಜೆ ಐದು ದಾಟಿರುತ್ತದೆ. ಮೀಟಿಂಗ್ ತಪ್ಪುವುದು, ಮುಹೂರ್ತ ಮೀರುವುದು, ಮುಂದಿನ ವಿಮಾನ ಕೈಬಿಡುವುದು ಎಲ್ಲವೂ ಈ ಎರಡು ಲೆಕ್ಕಗಳ ನಡುವಿನ ಅಂತರದಲ್ಲೇ. ಎರಡು ನಿಲ್ದಾಣಗಳ ನಡುವಿನ ದೂರ ಭೂಗೋಳಕ್ಕೆ ಸೇರಿದ್ದು, ಬದಲಾಗುವುದಿಲ್ಲ. ಪ್ರಯಾಣದ ಸಮಯ ಮಾತ್ರ ಗಾಳಿ, ಗಡಿ, ಗಡಿಯಾರ, ರಸ್ತೆ ಇವೆಲ್ಲ ಸೇರಿ ಆಗುವ ಮೊತ್ತ. ಈ ಮೊತ್ತವನ್ನು ಮೊದಲೇ ಕೂಡಿಕೊಂಡವರ ಪ್ರಯಾಣ ಸಲೀಸು. ಅದಕ್ಕೆ ದೊಡ್ಡ ಗಣಿತ ಬೇಡ. ಒಂದು ಪೆನ್ನು, ಹತ್ತು ನಿಮಿಷ ಸಾಕು.

1. ದೂರವನ್ನು ಒಮ್ಮೆ ನೀವೇ ಅಳೆಯಿರಿ

ಬೆಂಗಳೂರು ಮತ್ತು ದೆಹಲಿ ಹೆಚ್ಚೂಕಡಿಮೆ ಒಂದೇ ರೇಖಾಂಶದ ಮೇಲಿವೆ, ಎರಡೂ 77 ಡಿಗ್ರಿಯ ಆಸುಪಾಸಿನಲ್ಲಿ. ದೇವನಹಳ್ಳಿಯ ಕೆಂಪೇಗೌಡ ವಿಮಾನ ನಿಲ್ದಾಣದ ಅಕ್ಷಾಂಶ 13.20, ದೆಹಲಿಯ ಇಂದಿರಾ ಗಾಂಧಿ ನಿಲ್ದಾಣದ್ದು 28.57. ವ್ಯತ್ಯಾಸ 15.37 ಡಿಗ್ರಿ. ಒಂದು ಡಿಗ್ರಿ ಅಕ್ಷಾಂಶವೆಂದರೆ ಸುಮಾರು 111 ಕಿ.ಮೀ. ಗುಣಿಸಿದರೆ ಸುಮಾರು 1,700 ಕಿ.ಮೀ. ಬಂತು, ಲೆಕ್ಕ ಮುಗಿಯಿತು. ಮಂಗಳೂರು ನಮ್ಮ ನೇರ ಪಶ್ಚಿಮಕ್ಕಿದೆ; ನಮ್ಮ ಅಕ್ಷಾಂಶದಲ್ಲಿ ಒಂದು ಡಿಗ್ರಿ ರೇಖಾಂಶ ಸುಮಾರು 108 ಕಿ.ಮೀ. ವ್ಯತ್ಯಾಸ 2.8 ಡಿಗ್ರಿ, ಅಂದರೆ ಸುಮಾರು 305 ಕಿ.ಮೀ. ಹೀಗೆ ಒಮ್ಮೆ ಕೈಯಾರೆ ಲೆಕ್ಕ ಹಾಕಿದವರಿಗೆ ಅಂತರಜಾಲ ತೋರಿಸುವ ಅಂಕಿಯ ಅರ್ಥ ತಾನಾಗಿ ತಿಳಿಯುತ್ತದೆ. ಅದು ಆಕಾಶದ ನೇರ ದೂರ, ರಸ್ತೆಯದ್ದೂ ಅಲ್ಲ, ರೈಲಿನದ್ದೂ ಅಲ್ಲ. ಅದೇ ದೆಹಲಿಗೆ ಕರ್ನಾಟಕ ಎಕ್ಸ್‌ಪ್ರೆಸ್ ಸುಮಾರು 2,400 ಕಿ.ಮೀ. ಓಡುತ್ತದೆ.

2. ಗೋಡೆಯ ನಕಾಶೆ ಬಿಡಿ, ಗ್ಲೋಬಿನ ಮೇಲೆ ದಾರ ಎಳೆಯಿರಿ

ದೂರದ ಊರುಗಳ ವಿಷಯದಲ್ಲಿ ಚಪ್ಪಟೆ ನಕಾಶೆ ಮೋಸ ಮಾಡುತ್ತದೆ. ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ನಕಾಶೆಯ ಮೇಲೆ ಗೆರೆ ಎಳೆದರೆ ಅದು ಪೆಸಿಫಿಕ್ ಸಾಗರದ ನಟ್ಟನಡುವೆ ಹೋಗುತ್ತದೆ. ಗ್ಲೋಬಿನ ಮೇಲೆ ದಾರ ಬಿಗಿದು ನೋಡಿ: ಅತಿ ಹತ್ತಿರದ ದಾರಿ ಮಧ್ಯ ಏಷ್ಯಾ ದಾಟಿ, ಆರ್ಕ್ಟಿಕ್ ವೃತ್ತದೊಳಗೆ ನುಗ್ಗಿ, ಅಮೆರಿಕದ ಪಶ್ಚಿಮ ಕರಾವಳಿಗೆ ಇಳಿಯುತ್ತದೆ. ದೂರ ಸುಮಾರು 14,000 ಕಿ.ಮೀ. ಇದು ಬರೀ ಪಠ್ಯಪುಸ್ತಕದ ಮಾತಲ್ಲ. 2021ರ ಜನವರಿಯಲ್ಲಿ ಕ್ಯಾಪ್ಟನ್ ಜೋಯಾ ಅಗರ್ವಾಲ್ ನೇತೃತ್ವದ ಮಹಿಳಾ ಪೈಲಟ್‌ಗಳ ತಂಡ ಏರ್ ಇಂಡಿಯಾದ ಬೋಯಿಂಗ್ 777 ವಿಮಾನವನ್ನು ಸ್ಯಾನ್ ಫ್ರಾನ್ಸಿಸ್ಕೊದಿಂದ ಉತ್ತರ ಧ್ರುವದ ಮೇಲಿಂದಲೇ ಹಾರಿಸಿ ಬೆಂಗಳೂರಿಗೆ ತಂದಿತು.

3. ‘800 ಮತ್ತು 40’ ಸೂತ್ರ ನೆನಪಿಡಿ

ನೇರ ದೂರವನ್ನು 800ರಿಂದ ಭಾಗಿಸಿ. ಬಂದ ಗಂಟೆಗೆ 40 ನಿಮಿಷ ಸೇರಿಸಿ. ಜೆಟ್ ವಿಮಾನ ಎತ್ತರಕ್ಕೇರಿದ ಮೇಲೆ ಗಂಟೆಗೆ ಸುಮಾರು 830ರಿಂದ 900 ಕಿ.ಮೀ. ವೇಗದಲ್ಲಿ ಹೋಗುತ್ತದೆ, ಆದರೆ ಏರುವಾಗ, ಇಳಿಯುವಾಗ, ರನ್‌ವೇವರೆಗೆ ಉರುಳುವಾಗ ಆ ವೇಗ ಇರುವುದಿಲ್ಲ. 40 ನಿಮಿಷ ಅದಕ್ಕಾಗಿ.

- ಮುಂಬೈ, ಸುಮಾರು 830 ಕಿ.ಮೀ.: ಒಂದೂಮುಕ್ಕಾಲು ಗಂಟೆ.
- ದೆಹಲಿ, ಸುಮಾರು 1,700 ಕಿ.ಮೀ.: ಎರಡೂಮುಕ್ಕಾಲು ಗಂಟೆ.
- ದುಬೈ, ಸುಮಾರು 2,700 ಕಿ.ಮೀ.: ನಾಲ್ಕು ಗಂಟೆ.
- ಲಂಡನ್, ಸುಮಾರು 8,050 ಕಿ.ಮೀ.: ಹತ್ತೂಮುಕ್ಕಾಲು ಗಂಟೆ.

ಪ್ರೊಪೆಲ್ಲರ್ ಇರುವ ಎಟಿಆರ್ ವಿಮಾನವಾದರೆ 800ರ ಜಾಗದಲ್ಲಿ 450 ಇಡಿ. ಬೆಂಗಳೂರು–ಶಿವಮೊಗ್ಗ ನೇರ ದೂರ 240 ಕಿ.ಮೀ. ಮಾತ್ರ, ಆದರೂ ಎಟಿಆರ್ ಒಂದು ಗಂಟೆ ಹತ್ತು ನಿಮಿಷದಷ್ಟು ತೆಗೆದುಕೊಳ್ಳುತ್ತದೆ. ದೂರ ಕಡಿಮೆಯಾದಷ್ಟೂ ಈ 40 ನಿಮಿಷದ ಭಾರ ಹೆಚ್ಚು.

4. ಟಿಕೆಟ್ಟಿನಲ್ಲಿರುವುದು ಬರೀ ಹಾರಾಟದ ಸಮಯವಲ್ಲ

ಟಿಕೆಟ್ಟಿನ ಮೇಲಿನ ಹೊತ್ತನ್ನು ವಿಮಾನಯಾನದವರು ‘ಬ್ಲಾಕ್ ಟೈಮ್’ ಎನ್ನುತ್ತಾರೆ. ಗೇಟಿನಿಂದ ವಿಮಾನ ಹಿಂದಕ್ಕೆ ಸರಿದ ಕ್ಷಣದಿಂದ ಇನ್ನೊಂದು ಊರಿನ ಗೇಟಿನಲ್ಲಿ ನಿಲ್ಲುವವರೆಗಿನ ಅವಧಿ ಅದು. ರನ್‌ವೇ ಸರದಿ, ಇಳಿಯುವ ಮುನ್ನ ಆಕಾಶದಲ್ಲಿ ಸುತ್ತುವುದು ಇವಕ್ಕೆಲ್ಲ ಕಂಪನಿಗಳು ಒಂದಿಷ್ಟು ನಿಮಿಷ ಮೊದಲೇ ಸೇರಿಸಿರುತ್ತವೆ. ಹಾಗಾಗಿ ಇಪ್ಪತ್ತು ನಿಮಿಷ ತಡವಾಗಿ ಹೊರಟ ವಿಮಾನ ಕೆಲವೊಮ್ಮೆ ಸಮಯಕ್ಕೆ ಸರಿಯಾಗಿಯೇ ಇಳಿಯುತ್ತದೆ. ಹೊರಡುವುದು ತುಸು ತಡವಾದ ಮಾತ್ರಕ್ಕೆ ಗಾಬರಿಯಾಗಿ ಮುಂದಿನ ಕೆಲಸ ರದ್ದು ಮಾಡಬೇಡಿ.

5. ಗಾಳಿಯ ದಿಕ್ಕು ಕೇಳಿ

ಹೋಗುವಾಗ ಒಂದು ಸಮಯ, ಬರುವಾಗ ಇನ್ನೊಂದು. ಇದು ಮುದ್ರಣದೋಷವಲ್ಲ, ಗಾಳಿಯ ಆಟ. ಹತ್ತು–ಹನ್ನೆರಡು ಕಿ.ಮೀ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ‘ಜೆಟ್ ಸ್ಟ್ರೀಮ್’ ಎಂಬ ಬಿರುಗಾಳಿಯ ಹೊಳೆ ಹರಿಯುತ್ತದೆ. ಚಳಿಗಾಲದಲ್ಲಿ ಅದು ಉತ್ತರ ಭಾರತದ ಮೇಲೂ ಬರುತ್ತದೆ. ವೇಗ ಗಂಟೆಗೆ 150–200 ಕಿ.ಮೀ. ಮುಟ್ಟುವುದು ಅಪರೂಪವಲ್ಲ. ಪೂರ್ವಕ್ಕೆ ಹೋಗುವ ವಿಮಾನಕ್ಕೆ ಅದು ಬೆನ್ನು ತಟ್ಟುತ್ತದೆ, ಪಶ್ಚಿಮಕ್ಕೆ ಹೋಗುವ ವಿಮಾನದ ಎದೆಗೆ ಒದೆಯುತ್ತದೆ. ಲಂಡನ್ನಿಗೆ ಹೋಗುವುದಕ್ಕಿಂತ ಲಂಡನ್ನಿನಿಂದ ಬರುವುದು ಬೇಗ ಆಗುವುದು ಇದರಿಂದಲೇ.

ಇದಕ್ಕೆ ಸೊಗಸಾದ ನಿದರ್ಶನ 2016ರ ಅಕ್ಟೋಬರ್‌ನದು. ಅಲ್ಲಿಯವರೆಗೆ ದೆಹಲಿ–ಸ್ಯಾನ್ ಫ್ರಾನ್ಸಿಸ್ಕೊ ವಿಮಾನ ಅಟ್ಲಾಂಟಿಕ್ ಕಡೆಯಿಂದ ಹೋಗುತ್ತಿತ್ತು. ಏರ್ ಇಂಡಿಯಾ ಅದನ್ನು ಪೆಸಿಫಿಕ್ ಕಡೆಗೆ ತಿರುಗಿಸಿತು. ದಾರಿ ಸುಮಾರು 1,400 ಕಿ.ಮೀ. ಬೆಳೆದು 15,300 ಕಿ.ಮೀ. ಆಯಿತು. ಆದರೂ ಬೆನ್ನಗಾಳಿಯ ಬಲದಿಂದ ವಿಮಾನ ಹದಿನಾಲ್ಕೂವರೆ ಗಂಟೆಯಲ್ಲಿ, ಅಂದರೆ ಹಳೆಯ ದಾರಿಗಿಂತ ಬೇಗನೆ, ಗುರಿ ಮುಟ್ಟಿತು. ದೂರ ಹೆಚ್ಚು, ಸಮಯ ಕಡಿಮೆ! ಆದ್ದರಿಂದ ಟಿಕೆಟ್ ನೋಡುವಾಗ ಹೋಗುವ ಮತ್ತು ಬರುವ ಅವಧಿ ಎರಡನ್ನೂ ಬೇರೆ ಬೇರೆ ಬರೆದುಕೊಳ್ಳಿ. ಒಂದನ್ನು ಎರಡರಿಂದ ಗುಣಿಸಿ ಲೆಕ್ಕ ಮುಗಿಸಬೇಡಿ.

6. ಆಕಾಶಕ್ಕೂ ಗಡಿಗಳಿವೆ

ನೇರ ದಾರಿಯಲ್ಲಿರುವ ದೇಶ ತನ್ನ ವಾಯುಪ್ರದೇಶ ಮುಚ್ಚಿದರೆ ವಿಮಾನ ಸುತ್ತಿ ಬಳಸಬೇಕು. 2019ರಲ್ಲಿ ಪಾಕಿಸ್ತಾನ ಫೆಬ್ರವರಿ ಕೊನೆಯಿಂದ ಜುಲೈವರೆಗೆ ಹೀಗೆ ಮಾಡಿತು; 2025ರ ಏಪ್ರಿಲ್‌ನಲ್ಲಿ ಭಾರತೀಯ ವಿಮಾನಗಳಿಗೆ ಮತ್ತೆ ಬಾಗಿಲು ಹಾಕಿತು. ದೆಹಲಿಯಿಂದ ಯುರೋಪು, ಅಮೆರಿಕಕ್ಕೆ ಹೋಗುವ ವಿಮಾನಗಳ ಸಮಯ ಬೆಳೆಯಿತು. 2022ರಿಂದ ರಷ್ಯಾದ ಆಕಾಶ ಯುರೋಪು ಮತ್ತು ಅಮೆರಿಕದ ಕಂಪನಿಗಳಿಗೆ ಮುಚ್ಚಿದೆ. ಹಾಗಾಗಿ ಅದೇ ಎರಡು ಊರುಗಳ ನಡುವೆ ಬೇರೆ ಬೇರೆ ಕಂಪನಿಗಳ ಸಮಯ ಬೇರೆ ಬೇರೆ ಇರಬಹುದು. ಹೋದ ವರ್ಷ ಹೋಗಿ ಬಂದವರ ಅನುಭವವನ್ನೇ ನೆಚ್ಚಿ ಕೂರಬೇಡಿ. ನಿಮ್ಮ ತಾರೀಖಿನ ವೇಳಾಪಟ್ಟಿ ನೋಡಿ.

7. ಎರಡೂ ಗಡಿಯಾರಗಳನ್ನು ಭಾರತದ ಸಮಯಕ್ಕೆ ತನ್ನಿ

ಟಿಕೆಟ್ಟಿನಲ್ಲಿ ಹೊರಡುವ ಹೊತ್ತು ಹೊರಡುವ ಊರಿನದ್ದು, ಇಳಿಯುವ ಹೊತ್ತು ಇಳಿಯುವ ಊರಿನದ್ದು. ನೇರವಾಗಿ ಕಳೆದರೆ ಉತ್ತರ ತಪ್ಪುತ್ತದೆ. ಉದಾಹರಣೆಗೆ, ಚಳಿಗಾಲದಲ್ಲಿ ಬೆಂಗಳೂರಿನಿಂದ ಮಧ್ಯಾಹ್ನ 2ಕ್ಕೆ ಹೊರಟ ವಿಮಾನ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಅದೇ ದಿನ ಸಂಜೆ 5ಕ್ಕೆ ಇಳಿಯಿತೆನ್ನಿ. ಮೂರೇ ಗಂಟೆಯೇ? ಅಲ್ಲ. ಆಗ ಆ ಊರು ನಮಗಿಂತ ಹದಿಮೂರೂವರೆ ಗಂಟೆ ಹಿಂದಿರುತ್ತದೆ. ಕೂಡಿಸಿದರೆ ಹದಿನಾರೂವರೆ ಗಂಟೆ. ತಿರುಗಿ ಬರುವಾಗ ಉಲ್ಟಾ. 2021ರ ಆ ಧ್ರುವದ ವಿಮಾನ ಅಲ್ಲಿಂದ ಹೊರಟದ್ದು ಜನವರಿ 9ರ ಶನಿವಾರ ರಾತ್ರಿ, ಇಲ್ಲಿ ಇಳಿದದ್ದು 11ರ ಸೋಮವಾರ ನಸುಕಿನಲ್ಲಿ. ಹಾರಿದ್ದು ಸುಮಾರು 17 ಗಂಟೆ ಮಾತ್ರ. ಭಾನುವಾರದ ಬಹುಪಾಲು ಗಡಿಯಾರದಲ್ಲೇ ಕರಗಿತು. ಟಿಕೆಟ್ಟಿನಲ್ಲಿ ‘+1’, ‘+2’ ಎಂದು ಸಣ್ಣದಾಗಿ ಬರೆದಿರುವುದು ಇದನ್ನೇ. ಕರೆದೊಯ್ಯಲು ಬರುವವರಿಗೆ ಇಳಿಯುವ ತಾರೀಖನ್ನು ಹೇಳಿ, ಹೊರಡುವ ತಾರೀಖನ್ನಲ್ಲ.

ಇನ್ನೊಂದು ಎಚ್ಚರ: ಬ್ರಿಟನ್ ಮತ್ತು ಅಮೆರಿಕ ವರ್ಷಕ್ಕೆರಡು ಬಾರಿ ಗಡಿಯಾರ ತಿರುಗಿಸುತ್ತವೆ, ಅದೂ ಬೇರೆ ಬೇರೆ ಭಾನುವಾರ. ಲಂಡನ್ ಚಳಿಗಾಲದಲ್ಲಿ ನಮಗಿಂತ ಐದೂವರೆ ಗಂಟೆ ಹಿಂದೆ, ಬೇಸಿಗೆಯಲ್ಲಿ ನಾಲ್ಕೂವರೆ. ಮಾರ್ಚ್, ಅಕ್ಟೋಬರ್, ನವೆಂಬರ್‌ನಲ್ಲಿ ಪ್ರಯಾಣವಿದ್ದರೆ ಮತ್ತೊಮ್ಮೆ ಎಣಿಸಿ.

8. ಮಧ್ಯರಾತ್ರಿಯ ತಾರೀಖನ್ನು ಬಾಯಿಬಿಟ್ಟು ಓದಿ

ಬೆಂಗಳೂರಿನಿಂದ ಹೊರಡುವ ಎಷ್ಟೋ ವಿದೇಶಿ ವಿಮಾನಗಳು ನಡುರಾತ್ರಿಯ ನಂತರದವು. ಟಿಕೆಟ್ಟಿನಲ್ಲಿ ‘15ನೇ ತಾರೀಖು, 00:40’ ಎಂದಿದ್ದರೆ ನೀವು ಮನೆ ಬಿಡಬೇಕಾದ್ದು 14ರ ರಾತ್ರಿ ಎಂಟಕ್ಕೆ. 15ರ ರಾತ್ರಿ ಹೋದರೆ ವಿಮಾನ ಹೋಗಿ ಇಡೀ ದಿನವಾಗಿರುತ್ತದೆ. ಕ್ಯಾಲೆಂಡರಿನಲ್ಲಿ ವಿಮಾನದ ಹೊತ್ತು ಬರೆಯಬೇಡಿ. ‘14, ಮಂಗಳವಾರ, ರಾತ್ರಿ 8, ಮನೆ ಬಿಡುವುದು’ ಎಂದು ವಾರದ ಹೆಸರಿನೊಂದಿಗೆ ಬರೆಯಿರಿ. ಮನೆಯವರೆಲ್ಲರಿಗೂ ಒಮ್ಮೆ ಗಟ್ಟಿಯಾಗಿ ಓದಿ ಹೇಳಿ.

9. ಬಾಗಿಲಿನಿಂದ ಬಾಗಿಲಿಗೆ ಕೂಡಿ

ಎಲ್ಲಕ್ಕಿಂತ ಮುಖ್ಯ ಸೂತ್ರವಿದು. ಬೆಂಗಳೂರು–ಚೆನ್ನೈ ತೆಗೆದುಕೊಳ್ಳಿ. ನೇರ ದೂರ ಸುಮಾರು 270 ಕಿ.ಮೀ., ವಿಮಾನದ ಸಮಯ ಒಂದು ಗಂಟೆ ಐದು ನಿಮಿಷ. ಜಯನಗರದಿಂದ ಮೈಲಾಪುರಕ್ಕೆ ಹೋಗುವವರ ಲೆಕ್ಕ ಹೀಗೆ:

ವಿಮಾನ: ಮನೆಯಿಂದ ದೇವನಹಳ್ಳಿಗೆ 1:30, ಹೊರಡುವ ಮುನ್ನ 1:30, ಹಾರಾಟ 1:05, ಇಳಿದು ಲಗೇಜು ಪಡೆಯಲು 0:35, ಅಲ್ಲಿಂದ ಮೈಲಾಪುರಕ್ಕೆ 0:40. ಒಟ್ಟು 5 ಗಂಟೆ 20 ನಿಮಿಷ.

ವಂದೇ ಭಾರತ್ ರೈಲು: ಮನೆಯಿಂದ ಮೆಜೆಸ್ಟಿಕ್‌ಗೆ ಮೆಟ್ರೊದಲ್ಲಿ 0:35, ಪ್ಲಾಟ್‌ಫಾರ್ಮಿನಲ್ಲಿ 0:20, ರೈಲು ಸುಮಾರು 4:25, ಸೆಂಟ್ರಲ್‌ನಿಂದ ಮೈಲಾಪುರಕ್ಕೆ 0:30. ಒಟ್ಟು 5 ಗಂಟೆ 50 ನಿಮಿಷ.

ವ್ಯತ್ಯಾಸ ಅರ್ಧ ಗಂಟೆ! ರೈಲಿನಲ್ಲಿ ನಾಲ್ಕು ಗಂಟೆ ಒಂದೇ ಸೀಟಿನಲ್ಲಿ ಕೂತು ಕೆಲಸ ಮಾಡಬಹುದು. ವಿಮಾನದಲ್ಲಿ ಐದು ಬಾರಿ ಎದ್ದು ಸಾಲು ನಿಲ್ಲಬೇಕು. 2022ರ ನವೆಂಬರ್ 11ರಂದು, ಒಂದೇ ದಿನ, ಪ್ರಧಾನಿ ನರೇಂದ್ರ ಮೋದಿ ಈ ರೈಲಿಗೆ ಹಸಿರು ನಿಶಾನೆ ತೋರಿಸಿದರು, ದೇವನಹಳ್ಳಿಯ ಎರಡನೇ ಟರ್ಮಿನಲ್ಲನ್ನೂ ಉದ್ಘಾಟಿಸಿದರು. ಯಾವುದು ನಿಮಗೆ ಒಳ್ಳೆಯದೆಂಬುದು ನಿಮ್ಮ ಮನೆ ಎಲ್ಲಿದೆ ಎಂಬುದರ ಮೇಲಿದೆ. ಯಲಹಂಕದವರಿಗೆ ವಿಮಾನ ಲಾಭ, ಮೆಜೆಸ್ಟಿಕ್ ಸುತ್ತಿನವರಿಗೆ ರೈಲು. ಮೈಸೂರಿನಿಂದ ಫ್ಲೈಬಸ್ಸಿನಲ್ಲಿ ನಿಲ್ದಾಣಕ್ಕೆ ಬರುವವರು ಮೊದಲ ಸಾಲಿನಲ್ಲೇ ನಾಲ್ಕು ಗಂಟೆ ಬರೆದುಕೊಳ್ಳಬೇಕು.

10. ಊರಿನ ಹೆಸರಲ್ಲ, ನಿಲ್ದಾಣದ ಹೆಸರು ನೋಡಿ

ಗೋವಾಕ್ಕೆ ಈಗ ಎರಡು ನಿಲ್ದಾಣ: ಹಳೆಯ ದಾಬೋಲಿಂ, 2023ರ ಜನವರಿಯಿಂದ ವಿಮಾನ ಬರುತ್ತಿರುವ ಉತ್ತರದ ಮೋಪಾ. ನಿಮ್ಮ ಕೆಲಸ ದಕ್ಷಿಣದ ಕಾಣಕೋಣದಲ್ಲಿದ್ದು ಟಿಕೆಟ್ ಮೋಪಾಕ್ಕಿದ್ದರೆ ಗೋವಾದ ಒಂದು ತುದಿಯಿಂದ ಇನ್ನೊಂದು ತುದಿಗೆ ರಸ್ತೆಯಲ್ಲಿ ಹೋಗಬೇಕು. ಮುಂಬೈಗೂ ನವಿ ಮುಂಬೈ ನಿಲ್ದಾಣ ಜೊತೆಯಾಗಿದೆ. ಲಂಡನ್ನಿನಲ್ಲಿ ಹೀಥ್ರೂ, ಗ್ಯಾಟ್‌ವಿಕ್, ಲೂಟನ್, ಸ್ಟ್ಯಾನ್‌ಸ್ಟೆಡ್ ಎಂದು ಸಾಲು ಸಾಲು. ಟರ್ಮಿನಲ್ ಸಂಖ್ಯೆಯನ್ನೂ ನೋಡಿ. ಬೆಂಗಳೂರಿನ ಎರಡು ಟರ್ಮಿನಲ್‌ಗಳಲ್ಲಿ ತಪ್ಪಾದದ್ದಕ್ಕೆ ಇಳಿದರೆ ಕಡೆಯ ಗಳಿಗೆಯ ಹತ್ತು ನಿಮಿಷ ಹೋದಂತೆಯೇ.

11. ಕನೆಕ್ಷನ್ ಅವಧಿಯನ್ನು ಹೆಜ್ಜೆ ಹೆಜ್ಜೆಯಾಗಿ ಬಿಡಿಸಿ

ಮಗಳ ಬಾಣಂತನಕ್ಕೆ ಮೊದಲ ಬಾರಿ ಅಮೆರಿಕಕ್ಕೆ ಹೊರಟ ಅಮ್ಮ, ಅಪ್ಪನ ಮಟ್ಟಿಗೆ ಈ ಸೂತ್ರ ಬಹಳ ದೊಡ್ಡದು. ಅಮೆರಿಕದಲ್ಲಿ ಮೊದಲು ಇಳಿಯುವ ನಿಲ್ದಾಣದಲ್ಲೇ ಇಮಿಗ್ರೇಷನ್. ಸಾಮಾನ್ಯವಾಗಿ ಪೆಟ್ಟಿಗೆಗಳನ್ನೂ ಅಲ್ಲೇ ತೆಗೆದುಕೊಂಡು ಕಸ್ಟಮ್ಸ್ ದಾಟಿ ಮತ್ತೆ ಒಪ್ಪಿಸಬೇಕು. ‘ಚಿಕಾಗೊದಲ್ಲಿ ಎರಡು ಗಂಟೆ ಬಿಡುವು’ ಎಂದರೆ ಬಿಡುವಲ್ಲ, ಓಟ. ಇಂಥ ಕಡೆ ಮೂರರಿಂದ ನಾಲ್ಕು ಗಂಟೆ ಇರುವ ಕನೆಕ್ಷನ್ ಆರಿಸಿ. ಅಬುಧಾಬಿಯಲ್ಲಿ 2014ರಿಂದ ಅಮೆರಿಕದ ಇಮಿಗ್ರೇಷನ್ ತಪಾಸಣೆ ಅಲ್ಲೇ ಮುಗಿಯುವ ವ್ಯವಸ್ಥೆ ಇದೆ. ಆ ದಾರಿಯಾದರೆ ತಪಾಸಣೆಯ ಹೊತ್ತನ್ನು ಅಬುಧಾಬಿಯ ಖಾತೆಗೆ ಬರೆಯಿರಿ.

ಇಡೀ ಪ್ರಯಾಣ ಒಂದೇ ಪಿಎನ್‌ಆರ್‌ನಲ್ಲಿರಲಿ. ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದರೆ ಮುಂದೆ ಕಳಿಸುವ ಹೊಣೆ ಆಗ ಕಂಪನಿಯದು. ಬೇರೆ ಬೇರೆ ಕೊಂಡ ಟಿಕೆಟ್ಟುಗಳಾದರೆ ಹೊಣೆ ನಿಮ್ಮದೇ. ‘ಡೈರೆಕ್ಟ್’ ಎಂದಿದ್ದರೂ ಪರೀಕ್ಷಿಸಿ. ಒಂದೇ ಸಂಖ್ಯೆಯ ವಿಮಾನ ನಡುವೆ ಇಳಿದು ಏರಬಹುದು. ಎಲ್ಲೂ ಇಳಿಯದ್ದು ‘ನಾನ್‌ಸ್ಟಾಪ್’ ಮಾತ್ರ.

ಅಗ್ಗದ ಟಿಕೆಟ್ಟಿಗೆ ಆಸೆಪಡುವ ಮುನ್ನ ಉಳಿಯುವ ರೂಪಾಯಿಯನ್ನು ಹೆಚ್ಚಾಗುವ ಗಂಟೆಗಳಿಂದ ಭಾಗಿಸಿ. ₹6,000 ಉಳಿಸಲು 8 ಗಂಟೆ ಹೆಚ್ಚು ಕಾಯಬೇಕಾದರೆ ಗಂಟೆಗೆ ₹750. ಇಪ್ಪತ್ತೈದರ ಹುಡುಗನಿಗೆ ಇದು ಲಾಭ. ಮಂಡಿನೋವಿನ ಎಪ್ಪತ್ತರ ಅಜ್ಜಿಗೆ ಖಂಡಿತ ನಷ್ಟ.

12. ದಿನದ ಮೊದಲ ವಿಮಾನಗಳಿಗೆ ಆದ್ಯತೆ ಕೊಡಿ

ಒಂದೇ ವಿಮಾನ ದಿನವಿಡೀ ಊರಿಂದೂರಿಗೆ ಹಾರುತ್ತಿರುತ್ತದೆ. ಬೆಳಗಿನ ಹತ್ತು ನಿಮಿಷದ ತಡ ಸಂಜೆಯ ಹೊತ್ತಿಗೆ ಬೆಳೆದು ಗಂಟೆಯಾಗಬಹುದು. ಏಪ್ರಿಲ್–ಮೇ ಸಂಜೆಗಳಲ್ಲಿ ಬೆಂಗಳೂರಿನ ಗುಡುಗು ಮಳೆಯೂ ಸೇರಿಕೊಳ್ಳುತ್ತದೆ. ಮುಖ್ಯವಾದ ಕೆಲಸವಿದ್ದರೆ ಬೆಳಗಿನದೇ ಹಿಡಿಯಿರಿ. ಡಿಸೆಂಬರ್–ಜನವರಿ ಮಾತ್ರ ಇದಕ್ಕೆ ಹೊರತು: ಆಗ ದೇವನಹಳ್ಳಿಯಲ್ಲೂ ದೆಹಲಿಯಲ್ಲೂ ಮುಂಜಾನೆಯ ಮಂಜು ಕವಿಯುತ್ತದೆ, ಬಿಸಿಲೇರಿದ ಮೇಲಿನ ವಿಮಾನ ವಾಸಿ. ದೇಶದೊಳಗಿನ ಪ್ರಯಾಣಕ್ಕೆ ಚೆಕ್-ಇನ್ ಕೌಂಟರ್ ಸಾಮಾನ್ಯವಾಗಿ 60 ನಿಮಿಷ ಮುಂಚೆಯೇ ಮುಚ್ಚುತ್ತದೆ ಎಂಬುದನ್ನು ಮರೆಯಬೇಡಿ.

13. ದೂರ ಮತ್ತು ಅವಧಿಯ ಮೇಲೇ ನಿಮ್ಮ ಹಕ್ಕು ನಿಂತಿದೆ

ಈ ಎರಡು ಅಂಕಿಗಳು ಹಣಕ್ಕೂ ಸಂಬಂಧಿಸಿವೆ. ಭಾರತದಲ್ಲಿ ವಿಮಾನಯಾನ ನಿಯಂತ್ರಕ ಸಂಸ್ಥೆ ಡಿಜಿಸಿಎಯ ನಿಯಮದಂತೆ, ಸಕಾಲದಲ್ಲಿ ತಿಳಿಸದೆ ವಿಮಾನ ರದ್ದಾದರೆ ಪರಿಹಾರ ಬ್ಲಾಕ್ ಟೈಮ್ ಮೇಲೆ ನಿಗದಿಯಾಗುತ್ತದೆ: ಒಂದು ಗಂಟೆವರೆಗಿನ ಪ್ರಯಾಣಕ್ಕೆ ₹5,000, ಎರಡು ಗಂಟೆವರೆಗೆ ₹7,500, ಅದಕ್ಕೂ ಮೇಲೆ ₹10,000, ಅಥವಾ ಮೂಲ ದರ ಮತ್ತು ಇಂಧನ ಶುಲ್ಕ ಸೇರಿದ ಮೊತ್ತ, ಯಾವುದು ಕಡಿಮೆಯೋ ಅದು. ತಡವಾದಾಗ ಊಟ–ತಿಂಡಿ ಕೊಡುವ ಹೊತ್ತೂ ಹಾಗೆಯೇ: ಎರಡೂವರೆ ಗಂಟೆವರೆಗಿನ ವಿಮಾನ 2 ಗಂಟೆ ತಡವಾದರೆ, ಎರಡೂವರೆಯಿಂದ ಐದು ಗಂಟೆಯದ್ದು 3 ಗಂಟೆ ತಡವಾದರೆ.

ಯುರೋಪಿನಲ್ಲಿ ಅಳತೆಗೋಲು ಕಿಲೋಮೀಟರು. ಐರೋಪ್ಯ ಒಕ್ಕೂಟದ 2004ರ 261ನೇ ನಿಯಮದಡಿ ಪರಿಹಾರ 1,500 ಕಿ.ಮೀ.ವರೆಗೆ 250 ಯುರೊ, ಅದಕ್ಕೂ ಹೆಚ್ಚಿನ ದೂರಕ್ಕೆ 400, ಒಕ್ಕೂಟದ ಹೊರಗೆ 3,500 ಕಿ.ಮೀ. ದಾಟಿದರೆ 600. ಅಳೆಯುವುದು ಎರಡನೇ ಸೂತ್ರದ ಗ್ಲೋಬಿನ ದಾರದಂತೆಯೇ. ಫ್ರಾಂಕ್‌ಫರ್ಟ್–ಬೆಂಗಳೂರು ಸುಮಾರು 7,400 ಕಿ.ಮೀ.; ಹಾಗಾಗಿ ಅತಿ ಹೆಚ್ಚಿನ ದರ. ಹವಾಮಾನದಂಥ ಕೈಮೀರಿದ ಕಾರಣಗಳಿಗೆ ಎರಡೂ ಕಡೆ ವಿನಾಯಿತಿ ಇದೆ. ಉಳಿದಂತೆ ಬೋರ್ಡಿಂಗ್ ಪಾಸ್ ಜೋಪಾನವಾಗಿಡಿ, ಹಕ್ಕನ್ನು ಸಂಕೋಚವಿಲ್ಲದೆ ಕೇಳಿ.

14. ದೇಹಕ್ಕೂ ಒಂದು ವೇಳಾಪಟ್ಟಿ ಕೊಡಿ

ನಾಲ್ಕು ಗಂಟೆಗಿಂತ ಹೆಚ್ಚು ಅಲುಗಾಡದೆ ಕೂತರೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಸುಮಾರು ಎರಡರಷ್ಟಾಗುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲೇ ಹೇಳಿದೆ. ಹಾಗಾಗಿ ದುಬೈಗಿಂತ ದೂರದ ಪ್ರಯಾಣವಾದರೆ ಆಗಾಗ ಎದ್ದು ನಡೆಯಿರಿ, ಪಾದ ಮಡಚಿ ಬಿಚ್ಚಿ, ನೀರು ಕುಡಿಯಿರಿ. ಹೊತ್ತಿನ ವ್ಯತ್ಯಾಸಕ್ಕೆ ದೇಹ ಹೊಂದಿಕೊಳ್ಳಲು ದಿನಕ್ಕೆ ಸುಮಾರು ಒಂದು ಗಂಟೆಯಂತೆ ಸಮಯ ಕೇಳುತ್ತದೆ. ಪೂರ್ವಕ್ಕೆ ಬಂದಾಗ ಇನ್ನೂ ತುಸು ಹೆಚ್ಚು. ಅಮೆರಿಕದಿಂದ ಇಳಿದ ಮರುದಿನವೇ ಮದುವೆ, ಗೃಹಪ್ರವೇಶ ಇಟ್ಟುಕೊಳ್ಳಬೇಡಿ. ನಡುವೆ ಎರಡು ದಿನವಾದರೂ ಬಿಡಿ.

ಟಿಕೆಟ್ಟಿಗೆ ಹಣ ಕಟ್ಟುವ ಮುನ್ನ ಒಂದು ಹಾಳೆಯಲ್ಲಿ ಐದು ಸಾಲು ಬರೆಯಿರಿ: ಮನೆಯಿಂದ ನಿಲ್ದಾಣ, ನಿಲ್ದಾಣದಲ್ಲಿ ಕಾಯುವುದು, ಕನೆಕ್ಷನ್ ಸೇರಿ ಭಾರತದ ಸಮಯಕ್ಕೆ ತಂದ ಪ್ರಯಾಣದ ಅವಧಿ, ಇಳಿದು ಹೊರಬರುವುದು, ಅಲ್ಲಿಂದ ಗುರಿ. ಕೂಡಿ, ದೇಶದೊಳಗಾದರೆ ಒಂದು ಗಂಟೆ, ವಿದೇಶವಾದರೆ ಮೂರು ಗಂಟೆ ಮೇಲುಳಿಕೆ ಸೇರಿಸಿ. ಬಂದ ಮೊತ್ತವೇ ನಿಮ್ಮ ಪ್ರಯಾಣದ ನಿಜವಾದ ಸಮಯ. ಯಾವ ವಿಮಾನ, ಯಾವ ದಿನ, ಯಾವ ಊರಿನ ಮೂಲಕ ಎಂಬ ತೀರ್ಮಾನವನ್ನು ಆ ಮೊತ್ತ ನೋಡಿ ಮಾಡಿ. ದರವನ್ನು ಆಮೇಲೆ ನೋಡಿ.